ಕಾಗೆ ಓಡಿಸಿದವನ ಮನೆಯ ತಿಥಿ

ನಿವೃತ್ತನಾದ ಹೋಟೆಲ್ ಮ್ಯಾನೇಜರನಷ್ಟು ಕೆಲಸಕ್ಕೆ ಬಾರದ ಪ್ರಾಣಿ ಈ ಮುಂಬಯಿಯಲ್ಲಿ ಇನ್ನೊಂದಿಲ್ಲ. ಬೇರೆ ಯಾರನ್ನೋ ಆಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ, ನನ್ನನ್ನೇ ಹೇಳುತ್ತಿರುವುದು. ಅಂಧೇರಿ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೈದು ವರ್ಷ ನಾನು ಮಾಡಿದ ಕೆಲಸ ಎರಡೇ: ನಿಂತುಕೊಳ್ಳುವುದು ಮತ್ತು ಬೊಬ್ಬೆ ಹೊಡೆಯುವುದು. ಅರವತ್ತು ತುಂಬಿದಾಗ ಮಾಲಕರು ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸಿದರು. ಬೊಬ್ಬೆ ಮಾತ್ರ ನನ್ನ ಜತೆಗೇ ಬೊರಿವಲಿಗೆ ಬಂತು. ಮೊದಲ ವಾರದಲ್ಲೇ ಹೆಂಡತಿಗೆ, "ಚಟ್ನಿ ಯಾಕೆ ಇಷ್ಟು ಲೇಟು?" ಅಂದೆ. ಎರಡನೇ ವಾರ ಸಿಂಕಿನ ಪಕ್ಕ ನಿಂತು ತೊಳೆದ ಲೋಟಗಳನ್ನು ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿದೆ. ಮೂರನೇ ವಾರ ಅವಳು ಕೈಮುಗಿದು, "ನೀವೊಮ್ಮೆ ಕೆಳಗೆ ಹೋಗಿ ಮಾರಾಯ್ರೆ. ಸೊಸೈಟಿ ಮೀಟಿಂಗ್ ಉಂಟಂತೆ, ಅಲ್ಲಿ ಬೊಬ್ಬೆ ಹೊಡೀರಿ" ಅಂದಳು.

ಹೋದೆ. ಹೊಡೆದೆ. ನನ್ನ ಬಾಯಿ ಮುಚ್ಚಿಸಲಿಕ್ಕೆ ಅವರು ನನಗೊಂದು ಹುದ್ದೆ ಕೊಟ್ಟರು: ಗಾರ್ಡನ್ ಇನ್‌ಚಾರ್ಜ್. ಗಾರ್ಡನ್ ಅಂದರೆ ನಮ್ಮ ಏಳು ಮಾಳಿಗೆಯ ಬಿಲ್ಡಿಂಗಿನ ಎದುರು, ನಾಲ್ಕು ಕಾರು ನಿಲ್ಲಿಸಿದರೆ ಮುಗಿದುಹೋಗುವ ಒಂದು ತುಂಡು ಜಾಗ. ಅದರ ಒಂದು ಬದಿಗೆ ಸಿಮೆಂಟಿನ ಬೆಂಚು, ಇನ್ನೊಂದು ಬದಿಗೆ ಕಾಂಪೌಂಡಿನ ಗೋಡೆ. ಅಲ್ಲಿ ಆ ಮಳೆಗಾಲ ಮುಗಿದ ಕೂಡಲೇ ಹೊಸ ಹುಲ್ಲಿನ ಹಾಸು ತಂದು ಹಾಸಿದ್ದರು. ಅದನ್ನು ಎಲ್ಲರೂ ಲಾನ್ ಎಂದು ಕರೆಯುತ್ತಿದ್ದರು. ನಾನು ಮಾತ್ರ "ನನ್ನ ಲಾನ್" ಎನ್ನುತ್ತಿದ್ದೆ. ಮೂರೇ ದಿನದಲ್ಲಿ ಅದರ ಮೇಲೆ ಚಪ್ಪಲಿ ಹಾಕಿ ನಡೆಯಬಾರದು, ಚಪ್ಪಲಿ ಬಿಟ್ಟೂ ನಡೆಯಬಾರದು ಎಂದು ಎರಡು ಬೋರ್ಡು ಬರೆಸಿದೆ.

ಒಬ್ಬರಿಗೆ ಮಾತ್ರ ವಿನಾಯಿತಿ ಇತ್ತು, ನನ್ನ ಅಮ್ಮನಿಗೆ. ಅಮ್ಮನಿಗೆ ಎಂಬತ್ತರ ಹತ್ತಿರ, ಮೊಣಕಾಲು ಎರಡೂ ಸೋತಿವೆ. ದಿನಾ ಸಂಜೆ ಲಿಫ್ಟಿನಲ್ಲಿ ಇಳಿದು ಲಾನಿನ ಬದಿಯ ಬೆಂಚಿನಲ್ಲಿ ಕೂರುತ್ತಾಳೆ. ಮೊದಲು ಅಪ್ಪನ ಜತೆ ಕೂರುತ್ತಿದ್ದಳು. ನಾನು ನಿವೃತ್ತನಾಗುವ ಐದು ತಿಂಗಳು ಮೊದಲು, ಜನವರಿಯಲ್ಲಿ, ಅಪ್ಪ ತೀರಿಕೊಂಡರು. ಅದರ ಕಥೆಯನ್ನು ಅಮ್ಮ ಬಂದವರಿಗೆಲ್ಲ ಒಂದೇ ರೀತಿ ಹೇಳುತ್ತಿದ್ದಳು: ಬೆಳಿಗ್ಗೆ ಎದ್ದವರೇ, ಎರಡು ಗೋಳಿಬಜೆ ತಿನ್ನಬೇಕು ಅನ್ನಿಸ್ತಾ ಉಂಟು ಅಂದರಂತೆ. ಡಾಕ್ಟರರು ಎಣ್ಣೆಯದ್ದು ಮುಟ್ಟಬೇಡಿ ಅಂದಿದ್ದರಿಂದ ಅಮ್ಮ, ಸುಮ್ಮನೆ ಗಂಜಿ ಉಣ್ಣಿ ಅಂದಳಂತೆ. ಅಪ್ಪ ಮುಖ ಊದಿಸಿಕೊಂಡು ಮಲಗಿದವರು ಮಧ್ಯಾಹ್ನ ಮೂರಕ್ಕೆ ನೋಡಿದರೆ ಇಲ್ಲ.

"ನನ್ನ ಮೇಲೆ ಸಿಟ್ಟು ಮಾಡಿಕೊಂಡೇ ಹೋದ್ರು," ಎಂದು ಅಲ್ಲಿಗೆ ಕಥೆ ಮುಗಿಸುತ್ತಿದ್ದಳು. ಯಾರು ಎಷ್ಟು ಸಮಾಧಾನ ಹೇಳಿದರೂ ಅಷ್ಟೇ.

ಹನ್ನೊಂದನೆಯ ದಿನದ ಕ್ರಿಯೆ ಬಾಣಗಂಗೆಯ ಕೆರೆದಂಡೆಯಲ್ಲಿ ಆಗಿತ್ತು. ಅಲ್ಲಿಯ ಕಾಗೆಗಳು ಡ್ಯೂಟಿಗೆ ಬಂದವರ ಹಾಗೆ ಸಾಲಾಗಿ ಕೂತಿರುತ್ತವೆ. ಪಿಂಡ ಇಟ್ಟ ಕೂಡಲೇ ಒಂದು ಹಾರಿ ಬಂದು ಮುಟ್ಟಿತು. ಆದರೆ ಹೆಂಗಸರು ಮನೆಯಲ್ಲೇ ಉಳಿದಿದ್ದರು. ಕಾಗೆ ಮುಟ್ಟಿತಮ್ಮ, ಅಪ್ಪನಿಗೆ ಸಿಟ್ಟಿಲ್ಲ ಎಂದು ನಾನು ಬಂದು ಹೇಳಿದರೆ ಅಮ್ಮ, "ನಾನು ನೋಡ್ಲಿಲ್ಲವಲ್ಲ" ಅಂದಳು. "ವರ್ಷದ ತಿಥಿ ಇಲ್ಲೇ ಮಾಡು. ಎಡೆ ಇಲ್ಲೇ, ಅವರು ಕೂತುಕೊಳ್ತಿದ್ದ ಜಾಗದಲ್ಲೇ ಇಡು. ಕಾಗೆ ಬಂದು ತಿನ್ನುದನ್ನು ನಾನು ಕಣ್ಣಾರೆ ನೋಡಬೇಕು. ಮತ್ತೆ ನನಗೆ ಎಂತದೂ ಬೇಡ."

ಆಯಿತಮ್ಮ ಅಂದೆ. ಅಂದವನಿಗೆ ನೆನಪಿರಬೇಕಿತ್ತು. ಇರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೆ ಲಾನ್ ಹುಚ್ಚು ಹಿಡಿದಿತ್ತು.

ಹುಲ್ಲು ಹಾಸಿದ ನಾಲ್ಕನೇ ದಿನ ಬೆಳಿಗ್ಗೆ ಕೆಳಗಿಳಿದು ನೋಡುತ್ತೇನೆ, ನನ್ನ ಲಾನಿನ ಮೂಲೆಗಳೆಲ್ಲ ಚಾಪೆ ಮಡಚಿದ ಹಾಗೆ ಮಗುಚಿ ಬಿದ್ದಿವೆ. ಕಾಗೆಗಳು! ಹಾಸಿನ ಅಡಿಯಲ್ಲಿ ಬಿಳಿ ಹುಳ ಇರುತ್ತದಂತೆ, ಅದಕ್ಕಾಗಿ ಕೊಕ್ಕಿನಲ್ಲಿ ಹಿಡಿದು ಎಳೆದೆಳೆದು ಹಾಕಿದ್ದವು. ಉಳಿದ ಜಾಗದಲ್ಲಿ ಪಾರಿವಾಳಗಳು ಓಡಾಡುತ್ತ ಹಸಿರಿನ ಮೇಲೆ ಬಿಳಿ ಬಣ್ಣ ಬಳಿಯುತ್ತಿದ್ದವು. ದೊಣ್ಣೆ ಹಿಡಿದು ಓಡಿಸಿದೆ. ಅವು ಗೋಡೆಯ ಮೇಲೆ ಕೂತು ನಾನು ಕೈಸೋಲುವುದನ್ನು ಕಾದವು. ಮೂವತ್ತೈದು ವರ್ಷ ಎಂಥೆಂಥ ಭಟ್ಟರು, ಸಪ್ಲೈಯರುಗಳನ್ನು ನಡುಗಿಸಿದ ನನ್ನ ಗಂಟಲು ಆ ಹಕ್ಕಿಗಳಿಗೆ ಏನೇನೂ ಅನ್ನಿಸಲಿಲ್ಲ.

ಮಗಳ ಮೊಬೈಲಿನಲ್ಲಿ ಹುಡುಕಿಸಿ ಒಂದು ಪ್ಲಾಸ್ಟಿಕ್ ಗೂಬೆ ತರಿಸಿದೆ. ಬೇಟೆಯ ಹಕ್ಕಿಯ ಬೊಂಬೆ ಕಂಡರೆ ಉಳಿದ ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ ಎಂದು ಅದರ ಜಾಹೀರಾತು ಹೇಳುತ್ತಿತ್ತು. ಮೊಳದುದ್ದದ ಗೂಬೆ, ಹಳದಿ ಕಣ್ಣು, ಗಾಳಿ ಬೀಸಿದರೆ ತಲೆ ತಿರುಗಿಸುತ್ತದೆ. ಅಂಧೇರಿಯ ಆಫೀಸಿನಿಂದ ಸಂಜೆ ಮರಳಿದ ಮಗಳು ಅದನ್ನು ಗೇಟಿನಲ್ಲೇ ನೋಡಿ, "ಪಪ್ಪಾ, ಸೀರಿಯಸ್ಲಿ? ಇದು ಎಷ್ಟು ಕ್ರೀಪಿ ಉಂಟು ಯಾರ್. ಲೋಗ್ ಹಸೇಂಗೆ" ಅಂದಳು. ಜನ ನಗಲಿಲ್ಲ, ಅದಕ್ಕಿಂತ ಮುಂದೆ ಹೋದರು. ದೀಪಾವಳಿ ಹತ್ತಿರ ಬಂದಿತ್ತು. ಎರಡನೇ ಮಾಳಿಗೆಯ ಆಂಟಿ ಅದು ಲಕ್ಷ್ಮಿಯ ವಾಹನವೆಂದು ಅದರ ಹಣೆಗೆ ಕುಂಕುಮ ಇಟ್ಟು, ಚೆಂಡುಹೂವು ಸಿಕ್ಕಿಸಿ ಕೈಮುಗಿದು ಹೋದರು. ಅಮ್ಮ ಮಾತ್ರ ಗೂಬೆಗೆ ಬೆನ್ನು ಹಾಕಿ ಕೂತು, "ಶನಿಯನ್ನು ದುಡ್ಡು ಕೊಟ್ಟು ತಂದಿದ್ದಾನೆ" ಎಂದಳು.

ಪಾರಿವಾಳಗಳು ಒಂದು ದಿನ ದೂರ ನಿಂತು ನೋಡಿದವು. ಎರಡನೇ ದಿನ ಹತ್ತಿರ ಬಂದವು. ಮೂರನೇ ದಿನ ಒಂದು ಪಾರಿವಾಳ ಗೂಬೆಯ ತಲೆಯ ಮೇಲೇ ಕೂತು, ಗಾಳಿಗೆ ತಲೆ ತಿರುಗಿದ ಹಾಗೆಲ್ಲ ತಾನೂ ತಿರುಗುತ್ತ ಸುಖವಾಗಿತ್ತು. ಕಾಗೆಗಳದ್ದು ಇನ್ನೊಂದು ಕತೆ. ಕಾಗೆಗೆ ಗೂಬೆ ಅಂದರೆ ಹೆದರಿಕೆಯಲ್ಲ, ಹಗೆ. ಇಡೀ ಬೊರಿವಲಿಯ ಕಾಗೆಗಳು ಸುದ್ದಿ ತಿಳಿದು ನಮ್ಮ ಕಾಂಪೌಂಡಿನಲ್ಲಿ ಸಭೆ ಸೇರಿದವು. ಬೆಳಿಗ್ಗೆ ಆರಕ್ಕೆ ಶುರುವಾದ ಕೂಗು ಒಂಬತ್ತಾದರೂ ನಿಲ್ಲುತ್ತಿರಲಿಲ್ಲ. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಮುಖಕ್ಕೆ ಮಂಗಳಾರತಿಯಾಯಿತು. ಐದನೇ ಮಾಳಿಗೆಯವರೊಬ್ಬರು, ನಾವು ಗಾರ್ಡನ್ ಇನ್‌ಚಾರ್ಜ್ ಇಲ್ಲದಾಗಲೇ ಚೆನ್ನಾಗಿದ್ದೆವು ಎಂದು ಬರೆದರು. ಅದಕ್ಕೆ ಹನ್ನೊಂದು ಹೆಬ್ಬೆರಳು ಬಂದವು. ಒಂದು ಹೆಬ್ಬೆರಳು ನನ್ನ ಹೆಂಡತಿಯದ್ದು.

ಆಗ ನನ್ನ ನೆರವಿಗೆ ಬಂದವನು ನಮ್ಮ ವಾಚ್‌ಮನ್. ವಿಜಯಪುರದ ಕಡೆಯವನು, ನನ್ನದೇ ವಯಸ್ಸು, ಬಿಲ್ಡಿಂಗಿನಲ್ಲಿ ನನ್ನ ಜತೆ ಕನ್ನಡ ಮಾತಾಡುವ ಒಬ್ಬನೇ ಗಂಡಸು.

"ಸಾಹೇಬ್ರ, ಬರೇ ಗೂಗಿ ಇಟ್ರ ಏನೂ ಆಗೂದಿಲ್ರಿ," ಅಂದ. "ನಮ್ಮ ಹೊಲದಾಗ ಒಂದ್ ಸತ್ತ ಕಾಗಿ ಕೋಲಿಗೆ ತೂಗಹಾಕ್ತೀವ್ರಿ. ಮತ್ತೊಂದು ಆ ಕಡಿ ಮಾರಿ ಸುದ್ದಾ ತೋರಸೂದಿಲ್ಲ."

ಸತ್ತ ಕಾಗೆಯನ್ನು ಎಲ್ಲಿಂದ ತರಲಿ? ನನ್ನ ತಲೆ ಓಡಿತು. ಓಡಬಾರದ ದಿಕ್ಕಿಗೇ ಓಡುವುದು ಅದರ ಅಭ್ಯಾಸ. ಹರಿದ ಕೊಡೆಯ ಕಪ್ಪು ಬಟ್ಟೆ ಕತ್ತರಿಸಿ, ಒಳಗೆ ಹತ್ತಿ ತುಂಬಿ, ಲಾನಿನಲ್ಲಿ ಬಿದ್ದಿದ್ದ ಗರಿಗಳನ್ನು ಚುಚ್ಚಿ ಒಂದು ಹೆಣ ತಯಾರಿಸಿದೆ. ಹೆಂಡತಿ ನೋಡಿ, "ಮಗಳ ಶಾಲೆಯ ಪ್ರಾಜೆಕ್ಟಿಗೆ ಒಂದು ದಿನ ಕೂತವರಲ್ಲ" ಅಂದಳು. ಮರುದಿನ ಬೆಳಿಗ್ಗೆ, ಕಾಗೆಗಳೆಲ್ಲ ಸಭೆ ಸೇರಿದ ಹೊತ್ತು ನೋಡಿಯೇ, ಎಲ್ಲರ ಎದುರು ಆ ಹೆಣವನ್ನು ಕಾಲು ಮೇಲಾಗಿ ಗೂಬೆಯ ಉಗುರಿಗೆ ಕಟ್ಟಿದೆ. ನಾನು ಯಾರೆಂದು ಅವಕ್ಕೆ ಗೊತ್ತಾಗಲಿ ಎಂಬ ಆಸೆ ನೋಡಿ! ಸೊಂಟಕ್ಕೆ ಕೈಕೊಟ್ಟು, ತಲೆ ಎತ್ತಿ, ಒಂದೊಂದನ್ನೇ ದುರುಗುಟ್ಟಿ ನೋಡಿದೆ.

ಅಂಥ ಕೂಗನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಆಕಾಶವೇ ಕಪ್ಪಾಯಿತು. ಒಂದು ಗಂಟೆ ನನ್ನ ತಲೆಯ ಮೇಲೆಯೇ ಸುತ್ತಿದವು, ಎರಡು ಬಂದು ಕುಕ್ಕಿಯೂ ಹೋದವು. ಆಮೇಲೆ ಒಂದೊಂದಾಗಿ ಹಾರಿಹೋದವು. ಮರುದಿನ ಒಂದೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪಾರಿವಾಳಗಳು ಮಾತ್ರ ಏನೂ ಆಗದವರ ಹಾಗೆ ಓಡಾಡಿಕೊಂಡಿದ್ದವು. ಇರಲಿ, ಅವು ಹುಲ್ಲು ಕೀಳುವುದಿಲ್ಲವಲ್ಲ! ಲಾನ್ ಬೇರು ಬಿಟ್ಟಿತು, ಮೈತುಂಬಿತು. ನಾನು ದಿನಕ್ಕೊಂದು ಫೋಟೋ ಗ್ರೂಪಿಗೆ ಹಾಕಿದೆ. ಐದನೇ ಮಾಳಿಗೆಯವರೂ ಒಂದು ಹೆಬ್ಬೆರಳು ಕೊಟ್ಟರು. ಆ ಎರಡು ತಿಂಗಳು ನಾನು ನಡೆದ ನಡಿಗೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಜನವರಿಯ ಒಂದು ಸೋಮವಾರ ಪುರೋಹಿತರ ಫೋನು ಬಂತು. ಶುಕ್ರವಾರ ತಿಥಿ, ಸಾಮಾನಿನ ಪಟ್ಟಿ ಓದಿದರು. ಕೊನೆಗೆ, "ಎಡೆ ಟೆರೇಸಿನಲ್ಲಿ ಇಡುದಾ, ಕೆಳಗಾ? ಕಾಗೆ ಬರ್ತದಲ್ಲ ನಿಮ್ಮಲ್ಲಿ?" ಅಂದರು.

ಕೈಯಲ್ಲಿದ್ದ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಬಾಲ್ಕನಿಗೆ ಓಡಿ ನೋಡಿದೆ. ಕೆಳಗೆ ಹಸಿರು ಹುಲ್ಲು, ಅದರ ನಡುವೆ ಗೂಬೆ, ಗೂಬೆಯ ಕಾಲಲ್ಲಿ ನಾನೇ ಹೊಲಿದ ಹೆಣ. ಆಕಾಶದಲ್ಲಿ ಒಂದೇ ಒಂದು ಕಾಗೆ ಇಲ್ಲ. ಪಕ್ಕದ ಬೆಂಚಿನಲ್ಲಿ ಅಮ್ಮ ಒಬ್ಬಳೇ ಕೂತಿದ್ದಾಳೆ. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಒಂದು ವರ್ಷ ಆ ಹೆಂಗಸು ಒಂದು ಕಾಗೆಗಾಗಿ ಕಾದಿದ್ದಾಳೆ, ನಾನು ಊರಿನ ಕಾಗೆಗಳನ್ನೆಲ್ಲ ಓಡಿಸಿ ಅದರ ಫೋಟೋ ತೆಗೆದು ಹಂಚಿದ್ದೇನೆ.

ಅಮ್ಮ ಮೇಲೆ ಬಂದ ಕೂಡಲೇ ಕೆಳಗೆ ಓಡಿ ಗೂಬೆಯನ್ನೂ ಹೆಣವನ್ನೂ ಕಿತ್ತು ಪಂಪ್ ರೂಮಿನಲ್ಲಿ ಬಚ್ಚಿಟ್ಟೆ. ಮಂಗಳವಾರ ಬೆಳಗಾಗುತ್ತಲೇ ಕಾಗೆಗಳಿಗೆ ಆಮಂತ್ರಣ ಶುರು. ಇಡ್ಲಿ ಹಾಕಿದೆ, ಪಾರಿವಾಳ ತಿಂದವು. ಚಪಾತಿ ಹಾಕಿದೆ, ಪಾರಿವಾಳ ತಿಂದವು. ಕುರುಕಲು ತಿಂಡಿ ಮಾರುವ ಫರಸಾಣದ ಅಂಗಡಿಯಿಂದ ಗಾಠಿಯಾ ತಂದು ಗೋಡೆಯುದ್ದಕ್ಕೂ ಸುರಿದೆ. ನಾಲ್ಕು ಕಟ್ಟಡ ಆಚೆಯ ಮರದಲ್ಲಿ ಕಾಗೆಗಳು ಕಾಣುತ್ತಿದ್ದವು. ನಾನು ಕೈ ಎತ್ತಿ "ಬನ್ನಿ ಬನ್ನಿ" ಅಂದರೆ ಅವು ಇನ್ನೂ ಒಂದು ಮರ ಆಚೆ ಹೋದವು.

ಗುರುವಾರ ಅಮ್ಮನ ಹತ್ತಿರ ಮೆಲ್ಲಗೆ, "ಅಮ್ಮಾ, ಬಾಣಗಂಗೆಯಲ್ಲೇ ಮಾಡುವನಾ? ಟ್ಯಾಕ್ಸಿ ಮಾಡುವ, ನೀನೂ ಬಾ" ಎಂದೆ.

"ಅಲ್ಲಿ ಅವರು ಎಂತಕ್ಕೆ ಬರ್ತಾರೆ? ಅವರಿಗೆ ಗೊತ್ತಿರುದು ಈ ಬೆಂಚು," ಎಂದಳು. "ನೀನು ಯಾಕೆ ಬೆವರ್ತಾ ಇದ್ದಿ?"

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಾನು ಬೊಬ್ಬೆ ಹೊಡೆಯುವುದರಲ್ಲಿ ಎತ್ತಿದ ಕೈ, ತಪ್ಪು ಒಪ್ಪಿಕೊಳ್ಳುವಾಗ ಸ್ವರವೇ ಹೊರಡುವುದಿಲ್ಲ.

ಶುಕ್ರವಾರ ಬಂತು. ದಹಿಸರ್‌ನಿಂದ ತಮ್ಮ ಬಂದ. ಹೋಮದ ಹೊಗೆ ಲಿಫ್ಟಿನವರೆಗೆ ಹೋಯಿತು. ಅಮ್ಮ ಆ ಮೊಣಕಾಲು ಇಟ್ಟುಕೊಂಡು ಬೆಳಗಿನಿಂದ ಒಲೆಯ ಮುಂದೆ ನಿಂತು ಗೋಳಿಬಜೆ ಕರಿದಿದ್ದಳು. ಪುರೋಹಿತರು ನೋಡಿ, "ತಿಥಿಗೆ ವಡೆ ಆಗ್ತದೆ. ಇದು ಮೈದಾದ್ದು, ಕ್ರಮದಲ್ಲಿ ಇಲ್ಲ" ಎಂದು ತಡೆದರು. ಅಮ್ಮ, "ಕ್ರಮ ನಿಮ್ಮದು, ಗಂಡ ನನ್ನವರು. ಬಡಿಸಿ" ಅಂದಳು. ಬಡಿಸಿದರು.

ಟೆರೇಸಿಗೆ ಹೊಸದಾಗಿ ಡಾಂಬರು ಬಳಿದು ಬೀಗ ಹಾಕಿದ್ದರು, ಅದೊಂದು ದಾರಿಯೂ ಇರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ನಾನು ಬರಿಮೈಯಲ್ಲಿ, ಒದ್ದೆ ಪಂಚೆಯಲ್ಲಿ ಬಾಳೆಲೆ ಹಿಡಿದು ಲಾನ್ ದಾಟಿ ಹೋಗಿ ಗೋಡೆಯ ಮೇಲೆ ಇಟ್ಟೆ. ಅಮ್ಮ ಬೆಂಚಿನಲ್ಲಿ ಕೂತಳು. ಹೆಂಡತಿ, ಮಗಳು, ತಮ್ಮ, ಪುರೋಹಿತರು ಅವಳ ಹಿಂದೆ ನಿಂತರು. ಬಾಲ್ಕನಿಗಳಲ್ಲಿ ಒಂದೊಂದೇ ತಲೆ ಕಾಣಿಸಿಕೊಂಡಿತು. ನಾನು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದೆ: "ಕಾ... ಕಾ... ಕಾ..."

ಎರಡು ತಿಂಗಳಿಂದ ಕಾಗೆ ಓಡಿಸಿದ ಸಾಧನೆಯನ್ನು ಗ್ರೂಪಿನಲ್ಲಿ ಕೊಚ್ಚಿಕೊಂಡವನು ಈಗ ಏಳು ಮಾಳಿಗೆಯ ಎದುರು ಕಾಗೆಯ ಸ್ವರದಲ್ಲಿ ಕಾಗೆಯನ್ನು ಬೇಡುತ್ತಿದ್ದೆ. ಮೇಲಿನಿಂದ ಯಾರೋ ನಕ್ಕರು. ಕಾಗೆ ಬರಲಿಲ್ಲ.

ಕಾಲು ಗಂಟೆಯಾಯಿತು. ಕಾಗೆ ಬಾರದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಉಳಿದವರು ಒಬ್ಬೊಬ್ಬರಾಗಿ ಮುಂದೆ ಬಂದು, ಆ ಆಸೆ ಏನಿರಬಹುದೆಂದು ಊಹಿಸಿ ಮಾತು ಕೊಡಬೇಕು. ಪುರೋಹಿತರು ತಮ್ಮನನ್ನು ನೋಡಿದರು. ಅವನು ಎದುರು ಹೋಗಿ, "ಅಪ್ಪಾ, ನಾನು ಗುಟ್ಕಾ ಬಿಡ್ತೇನೆ" ಅಂದ. ಅವನು ಗುಟ್ಕಾ ತಿನ್ನುತ್ತಾನೆಂದು ಅಮ್ಮನಿಗೆ ಗೊತ್ತಾದದ್ದು ಆಗಲೇ. ಮಗಳು ಕೈ ಜೋಡಿಸಿ, "ಅಜ್ಜಾ, ನಾನು ಕನ್ನಡ ಸರಿ ಕಲೀತೇನೆ, ಪಕ್ಕಾ. ಪ್ಲೀಸ್ ಆಜಾವೋ ನಾ" ಅಂದಳು. ಹೆಂಡತಿ, ಮಾವನಿಗೆ ಇಷ್ಟವಿದ್ದ ಪ್ರಕಾರವೇ ಅಮ್ಮನನ್ನು ಕೊನೆಯ ತನಕ ನೋಡಿಕೊಳ್ಳುತ್ತೇನೆ ಎಂದಳು. ಪಾರಿವಾಳಗಳು ಎಲೆಯತ್ತ ನಡೆದುಬಂದವು, ಪುರೋಹಿತರು ಶಲ್ಯ ಬೀಸಿ ಓಡಿಸಿದರು.

ಎಲ್ಲರೂ ನನ್ನನ್ನು ನೋಡಿದರು. ನಾನು ಏನು ಹೇಳಲಿ? ನನ್ನ ಹತ್ತಿರ ಹೇಳದೆ ಇಟ್ಟುಕೊಂಡದ್ದು ಎರಡು ಇತ್ತು. ಒಂದು, ಪಂಪ್ ರೂಮಿನಲ್ಲಿದ್ದ ಗೂಬೆ. ಇನ್ನೊಂದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅಪ್ಪ ತೀರಿಕೊಂಡ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ಹೋಟೆಲಿನಲ್ಲಿ ನನ್ನ ಮೊಬೈಲಿಗೆ ಅಪ್ಪನ ಫೋನು ಬಂದಿತ್ತು. "ಎರಡು ಗೋಳಿಬಜೆ ಕಟ್ಟಿಸಿ ಯಾರ ಹತ್ತಿರವಾದ್ರೂ ಕಳಿಸು ಮಗಾ" ಎಂದಿದ್ದರು. ಬಾಣಲೆಯಲ್ಲಿ ಗೋಳಿಬಜೆ ಕುಣಿಯುತ್ತಿತ್ತು, ಬೊರಿವಲಿಗೆ ಲೋಕಲ್‌ನಲ್ಲಿ ಅರ್ಧ ಗಂಟೆ. ಮಧ್ಯಾಹ್ನದ ರಶ್ ಶುರುವಾಗುವುದಿತ್ತು. "ಸಂಜೆ ತರ್ತೇನೆ, ಈಗ ಇಡಿ" ಎಂದು ಬೊಬ್ಬೆ ಹೊಡೆದೇ ಹೇಳಿದ್ದೆ. ಸಂಜೆಗೆ ಅಪ್ಪ ಇರಲಿಲ್ಲ. ಒಂದು ವರ್ಷ ಅಮ್ಮ ಬಂದವರಿಗೆಲ್ಲ ತನ್ನದೊಂದೇ ತಪ್ಪೆಂದು ಹೇಳುವಾಗ ನಾನು ಪಕ್ಕದಲ್ಲಿ ಕೂತು ತಲೆ ತಗ್ಗಿಸಿ ಕೇಳಿದ್ದೇನೆ. ನನ್ನ ಗಂಟಲು ಆಗ ಎಲ್ಲಿ ಹೋಗಿತ್ತೋ!

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಎದ್ದಳು. ಸೊಸೆಯ ಕೈ ಬಿಡಿಸಿಕೊಂಡು, ಹುಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಗೋಡೆಯ ಹತ್ತಿರ ಹೋಗಿ ನಿಂತಳು. "ತಪ್ಪಾಯ್ತು," ಎಂದಳು. "ಎರಡು ಗೋಳಿಬಜೆಯಲ್ಲಿ ಎಂತ ಆಗ್ತಿತ್ತು? ಡಾಕ್ಟರ ಮಾತು ಕೇಳಿದೆ, ನಿಮ್ಮ ಮಾತು ಕೇಳ್ಲಿಲ್ಲ. ಇಷ್ಟು ಸಿಟ್ಟು ಮಾಡ್ಬೇಡಿ. ಬನ್ನಿ." ಬಾಲ್ಕನಿಯ ನಗು ನಿಂತಿತು.

ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಅಪ್ಪನಿಗೆ ಸಿಟ್ಟಿಲ್ಲ! ಕಾಗೆ ಓಡಿಸಿದ್ದು ನಾನು!" ಎಂದೆ. ಗೂಬೆಯ ಕಾಲಿಗೆ ಕಟ್ಟಿದ್ದ ಕಾಗೆಯ ಹೆಣ ನಾನೇ ಹೊಲಿದದ್ದು, ಆವತ್ತಿನಿಂದ ಒಂದು ಕಾಗೆಯೂ ಇತ್ತ ಬಂದಿಲ್ಲ, ಮಂಗಳವಾರದಿಂದ ಕರೆಯುತ್ತಿದ್ದೇನೆ, ಬರುತ್ತಿಲ್ಲ ಎಂದು ಎಲ್ಲವನ್ನೂ ಒದರಿದೆ. ಅಮ್ಮ ತಿರುಗಿ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ನಾನು ಕಾಯ್ತಾ ಇದ್ದದ್ದು ನಿನಗೆ ಗೊತ್ತಿತ್ತಲ್ಲ?" ಎಂದಳು, ಅಷ್ಟೇ.

ಗೇಟಿನಲ್ಲಿದ್ದ ವಾಚ್‌ಮನ್ ಕೆಮ್ಮಿದ. "ಸಾಹೇಬ್ರ, ಸಿಟ್ಟ ಆಗಬ್ಯಾಡ್ರಿ. ಕಾಗಿ ಒಮ್ಮಿ ನೋಡಿದ ಮಾರಿ ಮರಿಯೂದಿಲ್ರಿ. ಆ ಹೆಣ ಕಟ್ಟುಮುಂದ ನಿಮ್ಮನ್ನ ನೋಡ್ಯಾವ. ನೀವು ಇಲ್ಲಿ ನಿಂತು ಒದರಿದಷ್ಟೂ ಅವು ದೂರ ಹೋಗ್ತಾವ. ನೀವು ಒಂದಿಷ್ಟು ಹೊರಗ ನಡೀರಿ."

ಪುರೋಹಿತರು, ಕರ್ತೃವೇ ಹೊರಗೆ ಹೋಗುವ ಕ್ರಮವಿಲ್ಲ ಎನ್ನಲು ಬಾಯಿ ತೆರೆದು, ಅಮ್ಮನ ಮುಖ ನೋಡಿ ಮುಚ್ಚಿದರು. ನಾನು ಹೊರಗೆ ನಡೆದೆ. ವಾಚ್‌ಮನ್ ಹಿಂದಿನಿಂದ ಗೇಟು ಹಾಕಿದ.

ಬೊರಿವಲಿಯ ನಡುಮಧ್ಯಾಹ್ನದ ರಸ್ತೆಯಲ್ಲಿ ಬರಿಮೈ, ಬರಿಗಾಲು, ಬೆರಳಲ್ಲಿ ದರ್ಭೆಯ ಉಂಗುರ. ಒಬ್ಬ ರಿಕ್ಷಾದವನು ನಿಲ್ಲಿಸಿ, "ಕಹಾಂ ಜಾನಾ ಹೈ, ಪಂಡಿತ್‌ಜೀ?" ಅಂದ. ಎಲ್ಲಿಗೂ ಇಲ್ಲ ಅಂದೆ. ಕಾಂಪೌಂಡಿನ ತಿರುವು ದಾಟಿ, ಎಲೆ ಕಾಣದ ಕಡೆ ಗೋಡೆಗೆ ಒರಗಿ ನಿಂತೆ. ಆಚೆ ಬದಿಯಲ್ಲಿ ನನ್ನ ತಂದೆಗೆ ಎಡೆ ಇಟ್ಟಿದೆ, ಹಿರಿಯ ಮಗ ನಾನು, ನಾನು ಅಲ್ಲಿರಬಾರದು. ನಾನು ಅಲ್ಲಿಲ್ಲದಿದ್ದರೆ ಮಾತ್ರ ಅಪ್ಪ ಬರುತ್ತಾರೆ. ನಗು ಬಂತು. ಆಮೇಲೆ ಅಳು ಬಂತು, ಉಟ್ಟ ಪಂಚೆಯ ಸೆರಗಲ್ಲೇ ಮುಖ ಒರೆಸಿಕೊಂಡೆ.

ಎಷ್ಟು ಹೊತ್ತಾಯಿತೋ. ಒಳಗಿನಿಂದ ಒಂದು ಸಲ "ಕಾ" ಎಂದು ಕೇಳಿತು. ತಮ್ಮ ಕೂಗಿದನೋ ಎಂದುಕೊಂಡೆ. ಮತ್ತೆ ಕೇಳಿತು. ಮನುಷ್ಯರ ಸ್ವರವಲ್ಲ. ಆಮೇಲೆ ಬಾಲ್ಕನಿಗಳಿಂದ ಚಪ್ಪಾಳೆ.

ಗೇಟು ತೆರೆದು ಮಗಳು ಓಡಿಬಂದು, "ಪಪ್ಪಾ, ಆಗಯಾ! ದೋ ಆಯೇ! ಬಂದ್ರು ಪಪ್ಪಾ!" ಎಂದು ಕೈಹಿಡಿದು ಎಳೆದಳು. ನಾನು ಒಳಗೆ ಕಾಲಿಟ್ಟಾಗ ಕಾಗೆಗಳು ಹೋಗಿಯಾಗಿತ್ತು. ಎಲೆ ಚೆಲ್ಲಾಪಿಲ್ಲಿಯಾಗಿತ್ತು. ಅಮ್ಮ ಬೆಂಚಿನಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಒಂದು ವರ್ಷದಲ್ಲಿ ಅವಳ ಹಲ್ಲು ಕಂಡದ್ದು ಅದೇ ಮೊದಲು. "ಕಣ್ಣಾರೆ ನೋಡಿದೆ ಮಾರಾಯ. ನನ್ನ ಮೇಲೆ ಸಿಟ್ಟಿಲ್ಲ ಅವರಿಗೆ," ಅಂದಳು. ಉಳಿದವರು ಎಲೆ ಬಡಿಸಲು ಮೇಲೆ ಹೋದರು. ನಾನು ಅವಳ ಪಕ್ಕ ಕೂತೆ.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಅವಳು ನನ್ನ ತೊಡೆ ತಟ್ಟಿ, "ನೀನು ಹೊರಗೆ ಹೋದ ಮೇಲೆಯೇ ಬಂದ್ರು ನೋಡು. ಸಿಟ್ಟು ಇದ್ದದ್ದು ನಿನ್ನ ಮೇಲೆ!" ಎಂದು ತಮಾಷೆ ಮಾಡಿದಳು. ಕಾಗೆ ಮುಖ ಗುರುತಿಡುವ ಸಂಗತಿಯನ್ನು ಮತ್ತೊಮ್ಮೆ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನನಗೆ ಸಾಕಾಗಿತ್ತು.

"ಅಮ್ಮಾ, ಆ ದಿನ ಅಪ್ಪ ನನಗೂ ಫೋನ್ ಮಾಡಿದ್ದರು. ಗೋಳಿಬಜೆ ಕಳಿಸು ಅಂದಿದ್ದರು. ನಾನು ಸಂಜೆ ಅಂದೆ," ಎಂದೆ.

ಅಮ್ಮ ಎಲೆಯನ್ನೇ ನೋಡುತ್ತ ಅಂದಳು, "ಗೊತ್ತು. ಅವರಿಗೆ ನಂಬರು ಎಲ್ಲಿ ಕಾಣ್ತಿತ್ತು? ಒತ್ತಿ ಕೊಟ್ಟದ್ದು ನಾನೇ."

"ಮತ್ತೆ ನೀನು ಯಾರಿಗೂ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ದರೆ ಜನ ನಿನಗೂ ಒಂದು ಮಾತು ಹೇಳ್ತಿದ್ದರು," ಎಂದಳು ಅಮ್ಮ. "ಆ ಮಾತು ನಾನೊಬ್ಬಳು ಕೇಳಿದ್ರೆ ಸಾಕಿತ್ತಲ್ಲ."